ಘಾಟಿಯಲ್ಲಿ ಗಾಡಿ ಕಾದರೆ



ಅಡಿಕೆಯ ಕೊಳೆರೋಗ, ಗದ್ದೆಯ ಬೆಂಕಿರೋಗ ಇವುಗಳನ್ನು ಬಿಟ್ಟು ಈ ಮನುಷ್ಯ ಇವತ್ತು ಎಂಜಿನ್ನಿನ ಮಾತು ಹಿಡಿದುಕೊಂಡು ಬಂದನಲ್ಲ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಅನ್ನಿಸಲಿ. ಊರ ಹೆಸರಿನಲ್ಲೇ ಬಂಡಿಯ ಸದ್ದು ಕೇಳುವ ಭಂಡಿಗಡಿಯಲ್ಲಿಯೂ ಈಗ ಎತ್ತಿನ ಗಾಡಿ ಕಾಣುವುದು ಅಪರೂಪ. ಗೊಬ್ಬರ ತರುವುದಕ್ಕೆ, ಅಡಿಕೆಯನ್ನು ಮಂಡಿಗೆ ಸಾಗಿಸುವುದಕ್ಕೆ, ಹೊತ್ತಲ್ಲದ ಹೊತ್ತಿನಲ್ಲಿ ಬಸುರಿ ಹೆಂಗಸನ್ನು ಕೊಪ್ಪಕ್ಕೆ ಕರೆದೊಯ್ಯುವುದಕ್ಕೆ, ಎಲ್ಲದಕ್ಕೂ ಜೀಪು, ಪಿಕಪ್ಪು, ಇಲ್ಲವೇ ಕಾರು. ಎತ್ತಿಗೆ ಜ್ವರ ಬಂದರೆ ಕಿವಿ ಮುಟ್ಟಿ ಹೇಳುತ್ತಿದ್ದ ಮನೆತನಗಳು ನಮ್ಮವು. ಎಂಜಿನ್ನಿಗೆ ಜ್ವರ ಬಂದರೆ ಎಲ್ಲಿ ಮುಟ್ಟಬೇಕು, ಅದಕ್ಕಿಂತ ಹೆಚ್ಚಾಗಿ ಎಲ್ಲಿ ಮುಟ್ಟಬಾರದು ಎಂಬುದು ಮಾತ್ರ ನಮಗೆ ಇನ್ನೂ ಬಂದಿಲ್ಲ. ನನಗೂ ಬಂದಿರಲಿಲ್ಲ. ಅದನ್ನು ಕಲಿತ ದಿನದ ಸಂಗತಿಯನ್ನೇ ಮೊದಲು ಹೇಳುತ್ತೇನೆ.

2023ರ ಮೇ ತಿಂಗಳ ಕೊನೆಯ ವಾರ. ನಾನು ಉಡುಪಿಗೆ ಹೋದವನು ಹಿಂದಕ್ಕೆ ಬರುತ್ತಿದ್ದೆ. ಹೆಬ್ರಿಯಲ್ಲಿ ಬಸ್ಸಿಗೆ ಕಾಯುತ್ತಿರುವಾಗ ಭಂಡಿಗಡಿಯ ಕಡೆಯ ಒಬ್ಬ ಬೆಳೆಗಾರರ ಜೀಪು ಬಂದು ನಿಂತಿತು. ಮಣಿಪಾಲದಲ್ಲಿ ತಾಯಿಯ ಕಣ್ಣಿನ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ಮನೆಗೆ ಹೊರಟಿದ್ದರು. "ಬನ್ನಿ ಸಾರ್, ಹಿಂದೆ ಜಾಗ ಇದೆ ಮಾರಾಯ್ರೆ" ಎಂದರು. ಮಗ ಗಾಡಿ ಓಡಿಸುತ್ತಿದ್ದ. ಒಂದು ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಅಜ್ಜಿ ನಡುವಿನ ಸೀಟಿನಲ್ಲಿ. ಹಿಂದೆ ನಾನು, ಎರಡು ಮೂಟೆ ಸುಣ್ಣ, ಒಂದು ನೀಲಿ ಕ್ಯಾನು. ಆ ಕ್ಯಾನನ್ನು ನೆನಪಿಟ್ಟುಕೊಳ್ಳಿ, ಅದರ ಮಾತು ಮತ್ತೆ ಬರುತ್ತದೆ.

ಸೋಮೇಶ್ವರದ ತನಕ ಏನೂ ತೊಂದರೆ ಇಲ್ಲ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳು ಇವೆಯೆಂದು ನಿಮಗೆ ಗೊತ್ತು. ಅರ್ಧ ಹತ್ತುವಷ್ಟರಲ್ಲಿ ಹುಡುಗ, "ಅಪ್ಪಯ್ಯ, ಮುಳ್ಳು ಕೆಂಪಿಗೆ ಬಂತು" ಎಂದ. ಯಜಮಾನರು, "ಇನ್ನು ನಾಲ್ಕೈದು ತಿರುವು, ಹೊಡಿ. ಮೇಲೆ ಹೋಗಿ ನೋಡಿದರಾಯ್ತು" ಎಂದರು. ಇನ್ನೊಂದು ತಿರುವು ದಾಟುವುದರೊಳಗೆ ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನಿಲ್ಲಿಸಿದೆವು. ಬಾನೆಟ್ಟು ಎತ್ತಿದೆವು. ಆಗ, "ಕ್ಯಾಪು ತೆಗೆದು ನೀರು ಹಾಕಿ, ಸರಿಯಾಗುತ್ತದೆ" ಎಂದವನು ಬೇರೆ ಯಾರೂ ಅಲ್ಲ, ನಾನೇ. ಹುಡುಗ ಕೈಗೆ ಬೈರಾಸು ಸುತ್ತಿಕೊಂಡು ರೇಡಿಯೇಟರಿನ ಕ್ಯಾಪು ತಿರುಗಿಸಿದ. ಕುದಿಯುವ ನೀರು ಆಳೆತ್ತರ ಚಿಮ್ಮಿತು. ಮುಖ ಹಿಂದಕ್ಕೆ ಎಳೆದುಕೊಂಡಿದ್ದರಿಂದ ಕಣ್ಣು ಉಳಿಯಿತು. ಬಲಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬೆಂದಿತು. ಒಳಗಿನಿಂದ ಅಜ್ಜಿ, "ಏನಾಯ್ತೋ ಮಗಾ?" ಎಂದು ಕೇಳುತ್ತಲೇ ಇದ್ದರು. ನಾನು ಉತ್ತರ ಕೊಡಲಿಲ್ಲ.

ಹೀಗೇಕಾಯಿತು? ತಾಯಂದಿರು ಇದನ್ನು ನನಗಿಂತ ಬೇಗ ತಿಳಿಯುತ್ತಾರೆ. ಬಚ್ಚಲ ಹಂಡೆಯಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಕೊಪ್ಪದಂಥ ಎತ್ತರದ ಊರಿನಲ್ಲಿ ಇನ್ನೂ ಎರಡು ಮೂರು ಡಿಗ್ರಿ ಮೊದಲೇ. ಆದರೆ ಕುಕ್ಕರಿನೊಳಗೆ ಹಬೆ ಅದುಮಿ ಹಿಡಿದಿರುವುದರಿಂದ ನೀರು 100 ದಾಟಿದರೂ ಕುದಿಯುವುದಿಲ್ಲ. ರೇಡಿಯೇಟರಿನ ಕ್ಯಾಪೂ ಕುಕ್ಕರಿನ ಮುಚ್ಚಳದ ಹಾಗೆಯೇ. ಅದರೊಳಗಿನ ಸ್ಪ್ರಿಂಗು ಚದರ ಅಂಗುಲಕ್ಕೆ ಸುಮಾರು 15 ಪೌಂಡು ಒತ್ತಡವನ್ನು ತಡೆದುಕೊಂಡಿರುತ್ತದೆ, ಹೀಗಾಗಿ ನೀರು 120 ಡಿಗ್ರಿಯ ಹತ್ತಿರದವರೆಗೂ ಕುದಿಯದೆ ಇರಬಲ್ಲದು. ಕ್ಯಾಪು ಸಡಿಲಿಸಿದ ಕ್ಷಣ ಒತ್ತಡ ಹೋಯಿತು. ಅಷ್ಟು ನೀರೂ ಒಮ್ಮೆಗೇ ಹಬೆಯಾಗಲು ಹವಣಿಸುತ್ತದೆ. ಸೀಟಿ ಇಳಿಯದ ಕುಕ್ಕರಿನ ಮುಚ್ಚಳವನ್ನು ಯಾರಾದರೂ ತೆಗೆಯುತ್ತಾರೆಯೇ? ಅಡಿಗೆಮನೆಯಲ್ಲಿ ಆರು ತಿಂಗಳ ಸೊಸೆಗೆ ಇರುವ ತಿಳಿವಳಿಕೆ ಘಾಟಿಯಲ್ಲಿ ಡಿಪ್ಲೊಮಾ ಓದಿದ ನನಗೆ ಇರಲಿಲ್ಲ.

ಆದುದರಿಂದ ಮುಳ್ಳು ಏರುತ್ತಿದೆ ಎಂದು ಕಂಡ ಕೂಡಲೇ ಏನು ಮಾಡತಕ್ಕದ್ದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಎ.ಸಿ. ಇದ್ದರೆ ನಿಲ್ಲಿಸಿ. ಹೀಟರು ಇದ್ದರೆ ಪೂರ್ತಿ ತಿರುಗಿಸಿ, ಕಿಟಕಿ ಇಳಿಸಿ. ಸೆಕೆಯಲ್ಲಿ ಹೀಟರೇ ಎಂದು ನಗಬೇಡಿ. ಅದೂ ಒಂದು ಸಣ್ಣ ರೇಡಿಯೇಟರು, ಎಂಜಿನ್ನಿನ ಶಾಖವನ್ನೇ ಎಳೆದು ಒಳಗೆ ಬಿಡುತ್ತದೆ. ಮುಳ್ಳು ಇನ್ನೂ ಕೆಂಪಿಗೆ ಮುಟ್ಟಿಲ್ಲವಾದರೆ ಅಗಲವಾದ ಜಾಗ ಸಿಗುವತನಕ ಮೆಲ್ಲಗೆ ಹೋಗಬಹುದು. ಕೆಂಪಿಗೆ ಮುಟ್ಟಿತೋ, ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ನು ಆರಿಸಿ, ಹಿಂದಿನ ಚಕ್ರಕ್ಕೆ ಕಲ್ಲು ಕೊಡಿ. "ಇನ್ನು ನಾಲ್ಕು ತಿರುವು" ಎಂಬ ಲೆಕ್ಕ ಬೇಡ. ಆ ನಾಲ್ಕು ತಿರುವಿನಲ್ಲಿ ಎಂಜಿನ್ನಿನ ತಲೆ, ಅಂದರೆ ಹೆಡ್ಡು, ಬಾಗಿಹೋಗಬಹುದು. ಆಮೇಲೆ ಬರುವ ಬಿಲ್ಲು ಒಂದು ಒಳ್ಳೆಯ ಕರೆಯುವ ಹಸುವಿನ ಬೆಲೆಗೆ ಸಮ.

ಇನ್ನೊಂದು ಎಚ್ಚರಿಕೆ. ಏರಿದ ಮುಳ್ಳು ಇದ್ದಕ್ಕಿದ್ದ ಹಾಗೆ ಕೆಳಗಿಳಿದರೆ ಸಂತೋಷಪಡಬೇಡಿ. ನೀರೆಲ್ಲ ಖಾಲಿಯಾಗಿ, ಶಾಖ ಅಳೆಯುವ ಬಿಲ್ಲೆಗೆ ನೀರು ತಾಗದೆ ಹೋದಾಗಲೂ ಮುಳ್ಳು ಇಳಿಯುತ್ತದೆ. ಅದು ಜ್ವರ ಬಿಟ್ಟದ್ದಲ್ಲ.

ನಿಂತ ಮೇಲೆ ಕನಿಷ್ಠ ಅರ್ಧ ಗಂಟೆ, ಮುಕ್ಕಾಲು ಗಂಟೆಯಾದರೆ ಇನ್ನೂ ಒಳ್ಳೆಯದು, ಸುಮ್ಮನಿರಬೇಕು. ಈ ಸುಮ್ಮನಿರುವುದೇ ನಮ್ಮ ಜನಕ್ಕೆ ಕಷ್ಟ. ಬಾನೆಟ್ಟಿನ ಸಂದಿಯಿಂದ ಹಬೆ ಬರುವುದು ನಿಲ್ಲುವತನಕ ಅದನ್ನೂ ಎತ್ತಬೇಡಿ. ಈಚಿನ ಕಾರುಗಳಲ್ಲಿ ಫ್ಯಾನು ವಿದ್ಯುತ್ತಿನಿಂದ ತಿರುಗುತ್ತದೆ. ಎಂಜಿನ್ನು ಆರಿಸಿದ್ದರೂ ತನ್ನಷ್ಟಕ್ಕೆ ತಿರುಗಲು ಶುರುವಾಗಬಹುದು, ಬೆರಳು ಅಲ್ಲಿ ಇಡಬಾರದು. ಕಾದ ಎಂಜಿನ್ನಿನ ಮೈಮೇಲೆ ತಣ್ಣೀರು ಸುರಿಯುವವರನ್ನೂ ಕಂಡಿದ್ದೇನೆ. ಕಾದ ಕಲ್ಲಿನ ಮೇಲೆ ನೀರು ಹೊಯ್ದರೆ ಏನಾಗುತ್ತದೆ? ಎರಕದ ಲೋಹಕ್ಕೂ ಅದೇ ಗತಿ. ರೇಡಿಯೇಟರಿನ ಮೇಲಿನ ದಪ್ಪ ರಬ್ಬರು ಪೈಪನ್ನು ಬಟ್ಟೆ ಹಿಡಿದು ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಒಳಗೆ ಒತ್ತಡ ಇನ್ನೂ ಇದೆ. ಮೆತ್ತಗಾಗಿದ್ದು, ಕೈ ಇಟ್ಟುಕೊಳ್ಳುವಷ್ಟು ಬೆಚ್ಚಗಿದ್ದರೆ ಮಾತ್ರ, ದಪ್ಪ ಒದ್ದೆ ಬಟ್ಟೆ ಹಾಕಿ, ಮುಖ ಪಕ್ಕಕ್ಕೆ ತಿರುಗಿಸಿ, ಕ್ಯಾಪನ್ನು ಸ್ವಲ್ಪವೇ ತಿರುಗಿಸಿ ನಿಲ್ಲಿಸಿ. ಉಸ್ಸೆನ್ನುವುದು ಪೂರ್ತಿ ನಿಂತ ಮೇಲೆ ತೆಗೆಯಿರಿ. ಕೆಲವು ಕಾರುಗಳಲ್ಲಿ ರೇಡಿಯೇಟರಿಗೆ ಕ್ಯಾಪು ಇರುವುದಿಲ್ಲ, ಪಕ್ಕದ ಪ್ಲಾಸ್ಟಿಕ್ ಡಬ್ಬಿಗೇ ಇರುತ್ತದೆ. ಅದಕ್ಕೂ ಇದೇ ನಿಯಮ. ನೀರು ಹಾಕುವಾಗ ಎಂಜಿನ್ನು ಚಾಲೂ ಮಾಡಿ, ಸಣ್ಣಗೆ ಓಡುತ್ತಿರುವಾಗ ಸ್ವಲ್ಪ ಸ್ವಲ್ಪವಾಗಿ ಹೊಯ್ಯಿರಿ.

ಕೈ ಬೆಂದರೆ? ಅವತ್ತು ಯಾರೋ ಹಲ್ಲಿಗೆ ಉಜ್ಜುವ ಪೇಸ್ಟು ಹಚ್ಚಿ ಎಂದರು. ಹಚ್ಚಬಾರದು. ತಣ್ಣನೆಯ ಶುದ್ಧ ನೀರನ್ನು 20 ನಿಮಿಷ ಒಂದೇ ಸಮ ಬಿಡುತ್ತಿರಬೇಕು, ಬಳೆ ಉಂಗುರ ವಾಚು ತೆಗೆಯಬೇಕು, ಗುಳ್ಳೆ ಒಡೆಯಬಾರದು, ಶುಭ್ರವಾದ ಬಟ್ಟೆ ಸಡಿಲವಾಗಿ ಮುಚ್ಚಿ ವೈದ್ಯರಲ್ಲಿಗೆ ಹೋಗಬೇಕು. ಘಾಟಿ ಇಳಿಯುತ್ತಿದ್ದ ಒಂದು ಪ್ರವಾಸಿಗಳ ಗಾಡಿಯವರು ತಮ್ಮ ಕುಡಿಯುವ ನೀರಿನ ಬಾಟಲಿಗಳನ್ನೆಲ್ಲ ಕೊಟ್ಟರು. ಮುಕ್ಕಾಲು ಪಾಲು ಕೈಗೆ ಹೋಯಿತು, ಉಳಿದದ್ದು ಒಂದು ಗಂಟೆಯ ಮೇಲೆ ರೇಡಿಯೇಟರಿಗೆ.

ಇನ್ನು ರೋಗದ ಮೂಲ ಹುಡುಕುವ ಮಾತು. ಎಂಜಿನ್ನಿಗೆ ಹಾಕಿದ ಡೀಸೆಲಿನ ಶಕ್ತಿಯಲ್ಲಿ ಸುಮಾರಾಗಿ ಮೂರರಲ್ಲೊಂದು ಪಾಲು ಚಕ್ರ ತಿರುಗಿಸಲು, ಒಂದು ಪಾಲು ಹೊಗೆಯೊಂದಿಗೆ, ಇನ್ನೊಂದು ಪಾಲು ಬರೀ ಶಾಖವಾಗಿ ನೀರಿಗೆ ಸೇರುತ್ತದೆ. ಈ ಕೊನೆಯ ಪಾಲನ್ನು ಹೊರಗೆ ಸಾಗಿಸುವುದಕ್ಕೇ ಪಂಪು, ಪೈಪು, ರೇಡಿಯೇಟರು, ಫ್ಯಾನು ಎಂಬ ಸಂಸಾರ. ತೋಟದ ಕಪ್ಪಿನಲ್ಲಿ ನೀರು ಹರಿಯಬೇಕು, ಎಲ್ಲಿಯೂ ಸೋರಬಾರದು, ಕಟ್ಟಬಾರದು. ಇಲ್ಲಿಯೂ ಅಷ್ಟೆ, ಜೊತೆಗೆ ಗಾಳಿ ಆಡಬೇಕು.

ಮೆಕ್ಯಾನಿಕ್ಕಿನ ಹತ್ತಿರ ಹೋಗುವ ಮೊದಲು ನೀವು ಗಮನಿಸಿಕೊಳ್ಳಬೇಕಾದ ದೊಡ್ಡ ಸಂಗತಿ, ಗಾಡಿ ಯಾವಾಗ ಕಾಯುತ್ತದೆ ಎಂಬುದು. ವೈದ್ಯರು ಜ್ವರ ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುವುದಿಲ್ಲವೇ, ಹಾಗೆ. ನಿಂತಾಗ, ಪೇಟೆಯಲ್ಲಿ ತೆವಳುವಾಗ ಕಾದು, ಸಾಪು ರಸ್ತೆಯಲ್ಲಿ ಓಡುವಾಗ ತಣ್ಣಗಾಗುತ್ತದೆಯೇ? ಹಾಗಾದರೆ ಫ್ಯಾನನ್ನು ಅನುಮಾನಿಸಿ. ಓಡುವ ಗಾಡಿಗೆ ಎದುರುಗಾಳಿ ಸಾಕು. ನಿಂತ ಗಾಡಿಗೆ ಫ್ಯಾನೇ ಗತಿ. ತದ್ವಿರುದ್ಧವಾಗಿ, ವೇಗವಾಗಿ ಓಡುವಾಗಲೇ ಕಾಯುತ್ತದೆಂದರೆ ನೀರಿನ ಓಟಕ್ಕೆ ಅಡ್ಡಿ ಇದೆ: ರೇಡಿಯೇಟರು ಕಟ್ಟಿದೆ, ಇಲ್ಲವೇ ಪಂಪು ಸೋತಿದೆ, ಇಲ್ಲವೇ ಥರ್ಮೋಸ್ಟ್ಯಾಟು ಪೂರ್ತಿ ಬಾಯಿ ಬಿಡುತ್ತಿಲ್ಲ. ಬೆಳಿಗ್ಗೆ ಹೊರಟ ಐದು ಹತ್ತು ನಿಮಿಷದಲ್ಲೇ ಮುಳ್ಳು ಏರಿದರೆ ನೀರು ಇಲ್ಲವೆಂದೋ, ಥರ್ಮೋಸ್ಟ್ಯಾಟು ಮುಚ್ಚಿಯೇ ಕುಳಿತಿದೆಯೆಂದೋ ತಿಳಿಯಬೇಕು. ಘಾಟಿಯಲ್ಲಿ ಮಾತ್ರ ಎಲ್ಲ ದೋಷಗಳೂ ಒಟ್ಟಿಗೆ ಹೊರಬೀಳುತ್ತವೆ. ಹೊರೆ ಹೆಚ್ಚು, ವೇಗ ಕಡಿಮೆ, ಎದುರುಗಾಳಿ ಇಲ್ಲ. ದೊಡ್ಡ ಗೇರಿನಲ್ಲಿ ಗೊಣಗಿಸಿಕೊಂಡು ಹತ್ತಿಸಿದರೆ ಪಂಪೂ ಫ್ಯಾನೂ ಮೆಲ್ಲಗೆ ತಿರುಗುವುದರಿಂದ ಇನ್ನೂ ಕಷ್ಟ. ಒಂದು ಗೇರು ಇಳಿಸಿ ಎಂಜಿನ್ನನ್ನು ಹಗುರವಾಗಿ ಓಡಲು ಬಿಡುವುದು ಮೇಲು.

ಎರಡನೆಯದಾಗಿ ನೀರಿನ ಲೆಕ್ಕ. ಮುಚ್ಚಿದ ಪಾತ್ರೆಯ ನೀರು ಕಡಿಮೆಯಾಗುವ ಹಾಗೇ ಇಲ್ಲ. ವಾರ ವಾರ ಹಾಕಬೇಕಾಗುತ್ತದೆ ಎಂದರೆ ಎಲ್ಲಿಗೋ ಹೋಗುತ್ತಿದೆ. ರಾತ್ರಿ ಗಾಡಿ ನಿಲ್ಲಿಸುವಾಗ ಅಡಿಯಲ್ಲಿ ಒಂದು ರಟ್ಟು ಹಾಸಿಡಿ. ಬೆಳಿಗ್ಗೆ ಒದ್ದೆ ಎಲ್ಲಿದೆಯೋ ಅದರ ನೇರಕ್ಕೆ ಮೇಲೆ ನೋಡಿ. ಪೈಪಿನ ಕ್ಲಿಪ್ಪು, ಪೈಪಿನ ಬಿರುಕು, ಪಂಪಿನ ಅಡಿಯ ಸಣ್ಣ ತೂತು. ಆ ತೂತು ಪಂಪಿನ ಸೀಲು ಹೋಯಿತೆಂದು ಹೇಳುವುದಕ್ಕೇ ಇಟ್ಟದ್ದು, ಅದನ್ನು ಎಂಸೀಲು ಹಾಕಿ ಮುಚ್ಚಬೇಡಿ.

ಹೊರಗೆ ಎಲ್ಲಿಯೂ ಒದ್ದೆ ಇಲ್ಲ, ಆದರೂ ನೀರು ಹೋಗುತ್ತಿದೆ ಎಂದರೆ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು. ಎಂಜಿನ್ನಿನ ಮೈಗೂ ತಲೆಗೂ ನಡುವೆ ಇರುವ ಗ್ಯಾಸ್ಕೆಟ್ಟು ಸುಟ್ಟಿರಬಹುದು. ಎಣ್ಣೆ ನೋಡುವ ಕಡ್ಡಿಯನ್ನು ಎಳೆದು ನೋಡಿ, ಎಣ್ಣೆ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದೆಯೇ? ಎಂಜಿನ್ನು ಚೆನ್ನಾಗಿ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ದಟ್ಟವಾದ ಬಿಳಿ ಹಬೆ ಬರುತ್ತಿದೆಯೇ? (ನಮ್ಮ ಮಲೆನಾಡಿನ ಚಳಿ ಬೆಳಗಿನಲ್ಲಿ ಮೊದಲು ಸ್ವಲ್ಪ ಹಬೆ ಬರುವುದು ಸಹಜ, ಅದಕ್ಕೆ ಹೆದರಬೇಡಿ.) ಎಂಜಿನ್ನು ಪೂರ್ತಿ ತಣ್ಣಗಿರುವಾಗ ಕ್ಯಾಪು ತೆಗೆದು ಚಾಲೂ ಮಾಡಿದರೆ ನೀರಿನಲ್ಲಿ ಒಂದೇ ಸಮ ಗುಳ್ಳೆ ಏಳುತ್ತಿದೆಯೇ? ಇವುಗಳಲ್ಲಿ ಒಂದು ಕಂಡರೂ ಗಾಡಿ ಓಡಿಸದೆ ಕಟ್ಟಿ ಎಳೆಸಿಕೊಂಡು ಹೋಗಿ.

ಬೆಲ್ಟನ್ನು ಎಂಜಿನ್ನು ಆರಿಸಿ ನೋಡಬೇಕು. ಹಳೆಯ ಜೀಪುಗಳ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತಿದರೆ ಸುಮಾರು ಅರ್ಧ ಅಂಗುಲ ಬಗ್ಗಬೇಕು. ಹೆಚ್ಚು ಬಗ್ಗಿದರೆ ಸಡಿಲ, ಒಳಮೈ ಗಾಜಿನಂತೆ ಹೊಳೆದರೆ ಜಾರುತ್ತದೆ. ಥರ್ಮೋಸ್ಟ್ಯಾಟು ಎಂಬುದು ಮೇಣ ತುಂಬಿದ ಒಂದು ಬಾಗಿಲು; ಬಿಸಿಗೆ ಮೇಣ ಹಿಗ್ಗಿ ಬಾಗಿಲು ತೆರೆಯುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕೆಂದು ಅದರ ಮೇಲೇ ಕೊರೆದಿರುತ್ತದೆ, 82, 88 ಹೀಗೆ. ಬಿಚ್ಚಿದ ಮೇಲೆ ದಾರ ಕಟ್ಟಿ ಒಂದು ಹಳೆಯ ಪಾತ್ರೆಯ ನೀರಿನಲ್ಲಿ ಇಳಿಬಿಟ್ಟು ಒಲೆಯ ಮೇಲೆ ಕಾಯಿಸಿ. ನೀರು ಕುದಿಯುವುದರೊಳಗೆ ಬಾಯಿ ಬಿಟ್ಟರೆ ಸರಿ, ಬಿಡದಿದ್ದರೆ ಹೊಸದು ಹಾಕಿ. ನಮ್ಮ ಕಡೆ ಕೆಲವರು, ಇದೇ ಕಾಟವೆಂದು ಅದನ್ನು ತೆಗೆದೇ ಬಿಸಾಡುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಎಂಜಿನ್ನು ಎಂದೂ ಸರಿಯಾಗಿ ಬೆಚ್ಚಗಾಗದೆ ಡೀಸೆಲು ಹೆಚ್ಚು ಕುಡಿಯುತ್ತದೆ, ಬೇಗ ಸವೆಯುತ್ತದೆ. ಕೆಲವು ಎಂಜಿನ್ನುಗಳಲ್ಲಿ ನೀರು ರೇಡಿಯೇಟರಿಗೆ ಹೋಗದೆ ಅಡ್ಡದಾರಿ ಹಿಡಿದು ಇನ್ನೂ ಹೆಚ್ಚು ಕಾಯುತ್ತದೆ.

ಈಗ ನಮ್ಮ ಜೀಪಿಗೆ ಬರೋಣ. ಅವತ್ತು ನಿಲ್ಲಿಸಿ ನಿಲ್ಲಿಸಿ, ರಾತ್ರಿ ಒಂಬತ್ತರ ಮೇಲೆ ಊರು ಮುಟ್ಟಿದೆವು. ಮಾರನೆಯ ದಿನ ಕೊಪ್ಪದ ಒಬ್ಬ ಮೆಕ್ಯಾನಿಕ್ಕಿನ ಹತ್ತಿರ ನಾನೂ ಹೋದೆ. ಹೋಗದೆ ಮನಸ್ಸು ತಡೆಯಲಿಲ್ಲ. ಆತ ಮೊದಲು ಬೆಲ್ಟು ಒತ್ತಿ ನೋಡಿದ, ಸರಿಯಿತ್ತು. ಫ್ಯಾನು ಸರಿಯಿತ್ತು. ರೇಡಿಯೇಟರಿನ ಮುಂಭಾಗಕ್ಕೆ ಬೆಳಕು ಹಿಡಿದ. ಅಡಿಕೆ ಸಿಪ್ಪೆಯ ನಾರು, ಹುಲ್ಲಿನ ಬೀಜ, ಕೆಸರು ಎಲ್ಲ ಸೇರಿ ಅರ್ಧಕ್ಕರ್ಧ ಗೋಡೆಯ ಹಾಗೆ ಮೆತ್ತಿಕೊಂಡಿತ್ತು. ತೋಟದ ದಾರಿಯಲ್ಲಿ, ಸುಲಿಯುವ ಕಣದಲ್ಲಿ ಓಡಾಡುವ ಗಾಡಿಗಳಿಗೆಲ್ಲ ಇದು ಇದ್ದದ್ದೇ. ಎಂಜಿನ್ನಿನ ಕಡೆಯಿಂದ ಹೊರಕ್ಕೆ, ಜೋರಿಲ್ಲದ ನೀರು ಬಿಟ್ಟು ತೊಳೆಯಬೇಕು. ಗಾಡಿ ತೊಳೆಯುವ ಜೋರು ಪಂಪನ್ನು ಹತ್ತಿರ ಹಿಡಿದರೆ ತೆಳು ರೆಕ್ಕೆಗಳು ಮಡಚಿಕೊಂಡು ಗಾಳಿಯ ದಾರಿ ಪೂರ್ತಿ ಮುಚ್ಚಿಹೋಗುತ್ತದೆ.

ತೊಳೆದ ಮೇಲೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಆರಿಸಿ, ರೇಡಿಯೇಟರಿನ ಮೈಮೇಲೆ ಅಂಗೈ ಆಡಿಸಿದ. "ನೀವೂ ಮುಟ್ಟಿ ನೋಡಿ ಸಾರ್" ಎಂದ. ಮೇಲೆಲ್ಲ ಬಿಸಿ, ಕೆಳಗೆ ಒಂದು ಮೂಲೆ ಮಾತ್ರ ತಣ್ಣಗೆ. ಅಲ್ಲಿಯ ಕೊಳವೆಗಳೊಳಗೆ ನೀರು ಹರಿಯುತ್ತಲೇ ಇಲ್ಲವೆಂದು ಅರ್ಥ. ಬಿಚ್ಚಿದಾಗ ತುಕ್ಕಿನ ರಾಡಿಯ ಜೊತೆಗೆ ಹಸಿರು ಬಣ್ಣದ ಗಸಿ ಬಂತು. ಅಲ್ಯೂಮಿನಿಯಂ ಕೊಳವೆಗಳಲ್ಲಿ ಸೂಜಿಮೊನೆಯಂಥ ತೂತುಗಳು. "ಇದೇನು ಹಸಿರು? ಇದಕ್ಕೆ ಎಲ್ಲಿಯ ನೀರು ಹಾಕ್ತಿದ್ರಿ?" ಎಂದು ಮೆಕ್ಯಾನಿಕ್ಕು ಕೇಳಿದ. ಯಜಮಾನರು ನಮ್ಮ ಮನೆಯ ಬಾವಿಯದೇ ಎಂದರು. ಹುಡುಗ, ಕೈಗೆ ಪಟ್ಟಿ ಕಟ್ಟಿಕೊಂಡಿದ್ದವನು, ಹಿಂದಿನ ಬಾಗಿಲು ತೆಗೆದು ನೀಲಿ ಕ್ಯಾನನ್ನು ತೋರಿಸಿದ.

ಅದು ಮೈಲುತುತ್ತ ಕರಗಿಸುವ ಕ್ಯಾನು!

ಮೈಸೂರು ಸರ್ಕಾರದ ಸಸ್ಯರೋಗ ತಜ್ಞರಾಗಿದ್ದ ಲೆಸ್ಲಿ ಕೋಲ್ಮನ್ನರು 1910ರ ಸುಮಾರಿನಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ತೋರಿಸಿಕೊಟ್ಟರು. ಅಲ್ಲಿಂದ ಇಲ್ಲಿಯವರೆಗೆ ಮೈಲುತುತ್ತವಿಲ್ಲದ ತೋಟದ ಮನೆ ನಮ್ಮಲ್ಲಿಲ್ಲ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರು ನೀರು ಎಂದು ನಿಮಗೆ ಬಾಯಿಪಾಠ. ಕಬ್ಬಿಣದ ಪಾತ್ರೆಯಲ್ಲಿ ಮಾಡಬೇಡಿ ಎಂದು ನಾನು ವರ್ಷ ವರ್ಷವೂ ಹೇಳುತ್ತೇನೆ. ದ್ರಾವಣ ಹದಕ್ಕೆ ಬಂತೇ ಎಂದು ತಿಳಿಯಲು ಉಜ್ಜಿದ ಕತ್ತಿಯನ್ನು ಅದ್ದಿ ನೋಡುತ್ತೇವೆ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ತಾಮ್ರ ಕೂರುವಾಗ ಅಷ್ಟೇ ಕಬ್ಬಿಣ ಕರಗಿ ಹೋಗುತ್ತದೆ. ಅಲ್ಯೂಮಿನಿಯಮ್ಮನ್ನೂ ಇದು ತಿನ್ನುತ್ತದೆ. ಕ್ಯಾನಿನ ತಳದಲ್ಲಿ ಉಳಿದಿದ್ದ ನೀಲಿ ಗಸಿಯ ಮೇಲೆಯೇ ಬಾವಿ ನೀರು ತುಂಬಿ, ಎರಡು ಮೂರು ವರ್ಷ ಜೀಪಿಗೆ ಹೊಯ್ದಿದ್ದರು. ಕತ್ತಿಯ ಮೇಲೆ ಒಂದು ನಿಮಿಷದಲ್ಲಿ ಆಗುವುದು ಎಂಜಿನ್ನಿನೊಳಗೆ ದಿನವೂ ಆಗುತ್ತಿತ್ತು. ಅದೇ ಕ್ಯಾನಿಗೆ ಒರಗಿಕೊಂಡು ನಾನು ಹೆಬ್ರಿಯಿಂದ ಬಂದಿದ್ದೆ. ಅವರಿಗೆ ಮೈಲುತುತ್ತದ ಲೆಕ್ಕ ಹೇಳಿಕೊಟ್ಟವನೂ ನಾನೇ.

ರೇಡಿಯೇಟರು ಹೊಸದು ಹಾಕಬೇಕಾಯಿತು. ಹೆಡ್ಡು ಬಾಗಿರಲಿಲ್ಲ, ಅದು ಪುಣ್ಯ. ಎಂಜಿನ್ನಿನ ಒಳಗನ್ನು ಎರಡು ಮೂರು ಸಲ ಶುದ್ಧ ನೀರಿನಲ್ಲಿ ತೊಳೆದು ಕೂಲೆಂಟು ತುಂಬಿಸಿದರು. "ನಮ್ಮ ಊರಲ್ಲಿ ಹಿಮ ಬೀಳ್ತದಾ, ಕೂಲೆಂಟು ಯಾಕೆ?" ಎಂದು ಯಜಮಾನರು ಗೊಣಗಿದರು. ಹಿಮಕ್ಕೆ ಮಾತ್ರವಲ್ಲ, ಅದು ತುಕ್ಕು ತಡೆಯುತ್ತದೆ, ನೀರು ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಮಲೆನಾಡಿನ ನೀರು ಮೆದು, ಪಾತ್ರೆಗೆ ಬಿಳಿ ಗಟ್ಟಿ ಕಟ್ಟದು. ಆದರೆ ತುಕ್ಕಿಗೆ ಮೆದು ನೀರೂ ಒಂದೇ, ಗಡಸು ನೀರೂ ಒಂದೇ. ಬೆರೆಸಿಯೇ ಬರುವ ಕೂಲೆಂಟಾದರೆ ಹಾಗೆಯೇ ಹಾಕಿ. ಗಟ್ಟಿಯದಾದರೆ ಸಾಮಾನ್ಯವಾಗಿ ಸಮಕ್ಕೆ ಸಮ ಬಟ್ಟಿ ಇಳಿಸಿದ ನೀರು ಸೇರಿಸಬೇಕು. ಯಾವ ಜಾತಿಯದೆಂದು ಗಾಡಿಯ ಪುಸ್ತಕದಲ್ಲಿ ಬರೆದಿರುತ್ತದೆ, ಬಣ್ಣ ನೋಡಿ ತರಬೇಡಿ. ದಾರಿಯಲ್ಲಿ ಸಿಕ್ಕಿಬಿದ್ದರೆ ಯಾವ ಶುದ್ಧ ನೀರಾದರೂ ಆದೀತು, ಮನೆಗೆ ಬಂದ ಮೇಲೆ ಬದಲಾಯಿಸಿ.

ಕೊನೆಗೆ ಒಂದು ಮಾತು, ಇದು ಗಾಡಿಗಿಂತ ಕೊಟ್ಟಿಗೆಗೆ ಸೇರಿದ್ದು. ಕೂಲೆಂಟಿನಲ್ಲಿರುವ ಎಥಿಲೀನ್ ಗ್ಲೈಕಾಲ್ ಎಂಬುದು ವಿಷ, ಆದರೆ ರುಚಿಗೆ ಸಿಹಿ. ಅಂಗಳದಲ್ಲಿ ಚೆಲ್ಲಿದರೆ ನಾಯಿ ನೆಕ್ಕುತ್ತದೆ, ಬಾನಿಯಲ್ಲಿ ಬಿಟ್ಟಿದ್ದರೆ ಕರು ಕುಡಿಯುತ್ತದೆ, ಸ್ವಲ್ಪ ಹೊಟ್ಟೆಗೆ ಹೋದರೂ ಮೂತ್ರಪಿಂಡ ಕೆಟ್ಟು ಸಾಯಬಹುದು. ಮಕ್ಕಳಿಗೂ ಅಪಾಯ. ಬಿಚ್ಚಿದ ಕೂಲೆಂಟನ್ನು ಮುಚ್ಚಳವಿರುವ ಕ್ಯಾನಿಗೆ ಹಿಡಿದು ವರ್ಕ್‌ಶಾಪಿಗೇ ಕೊಡಿ. ಹಳ್ಳಕ್ಕೆ, ತೋಟದ ಕಪ್ಪಿಗೆ ಬಿಡಬೇಡಿ. ಥರ್ಮೋಸ್ಟ್ಯಾಟು ಕಾಯಿಸಿದ ಪಾತ್ರೆಯನ್ನೂ ಮತ್ತೆ ಅಡಿಗೆಗೆ ತೆಗೆದುಕೊಳ್ಳಬೇಡಿ.

ಆ ಹುಡುಗನ ಕೈ ವಾಸಿಯಾಗಲು ತಿಂಗಳ ಮೇಲೆ ಹಿಡಿಯಿತು. ಆ ವರ್ಷ ಮಳೆಯೂ ತಡವಾಗಿ ಬಂದದ್ದರಿಂದ, ಔಷಧಿ ಹೊಡೆಯುವ ಹೊತ್ತಿಗೆ ಕೈ ಇಲ್ಲವೆಂಬ ಚಿಂತೆ ಅರ್ಧ ಕಳೆಯಿತು. ಈಗ ಆ ಮನೆಯ ಜೀಪಿನಲ್ಲಿ ಐದು ಲೀಟರಿನ ಬಿಳಿ ಕ್ಯಾನು ಇದೆ, ಮೇಲೆ ಕೆಂಪು ಬಣ್ಣದಲ್ಲಿ "ನೀರು ಮಾತ್ರ" ಎಂದು ಬರೆದಿದೆ. ಬರೆಸಿದವರು ಅಜ್ಜಿ. ಪಟ್ಟಿ ಬಿಚ್ಚಿದ ಮೇಲೆ ಅಷ್ಟು ದೊಡ್ಡ ಅಕ್ಷರ ತನಗೂ ಕಾಣಿಸುತ್ತದೆ ಎಂದು ಹೇಳಿ ನಕ್ಕರು.